ಮಾತು ಕಲಿಯುವುದಕ್ಕೂ ಎಂ.ಎ. ಬೇಕೇ?

ಕೆಲವು ವಾರಗಳ ಹಿಂದೆ ಒಂದು ಭಾನುವಾರ, ಬಲಿಪೂಜೆ ಮುಗಿದು ಜನರು ಮನೆಗಳತ್ತ ಹೊರಟಿದ್ದ ವೇಳೆಯಲ್ಲಿ, ಸವದತ್ತಿ ತಾಲ್ಲೂಕಿನ ಹಳ್ಳಿಯೊಂದರ ಗೃಹಸ್ಥರು ತಮ್ಮ ಮಗಳನ್ನು ಮುಂದಿಟ್ಟುಕೊಂಡು ಗುರುನಿವಾಸದ ಪಡಸಾಲೆಗೆ ಬಂದರು. ಹುಡುಗಿ ಬಿ.ಎ. ಮುಗಿಸಿದ್ದಾಳೆ. ಧಾರವಾಡಕ್ಕೆ ಹೋಗಿ ಸಮೂಹ ಸಂವಹನ ಮತ್ತು ಪತ್ರಿಕೋದ್ಯಮದಲ್ಲಿ ಎಂ.ಎ. ಮಾಡಬೇಕೆಂಬುದು ಅವಳ ಹಟ. ಬಿ.ಇಡಿ. ಮಾಡಿಕೊಂಡು ಯಾವುದಾದರೊಂದು ಕಾನ್ವೆಂಟ್ ಶಾಲೆಯಲ್ಲಿ ಶಿಕ್ಷಕಿಯಾಗಲಿ ಎಂಬುದು ತಂದೆಯ ಅಪೇಕ್ಷೆ. "ಫಾದರ್, ನೀವಾದ್ರೂ ಈಕಿಗೆ ನಾಕ ಬುದ್ಧಿಮಾತು ಹೇಳ್ರಿ. ಮಾತಾಡೂದು, ಸುದ್ದಿ ಬರಿಯೂದು ಕಲಿಯಾಕ ಎರಡ ವರ್ಷ ಎಂ.ಎ. ಬೇಕೇನ್ರಿ? ಮಾತು ಯಾರಿಗೆ ಬರೂದುಲ್ಲ?" ಎಂದು ಅವರು ನನ್ನ ಮುಂದೆ ಅಹವಾಲನ್ನಿಟ್ಟರು.

ನಾನು ತಕ್ಷಣ ಉತ್ತರ ಕೊಡಲಿಲ್ಲ. ಇದೇ ಪ್ರಶ್ನೆಗೆ ನಾನು ಹಿಂದೊಮ್ಮೆ ತಕ್ಷಣ ಉತ್ತರ ಕೊಟ್ಟಿದ್ದೆ, ಅದು ತಪ್ಪಾದ ಉತ್ತರವಾಗಿತ್ತು. ಆ ಕಥೆಯನ್ನು ಮುಂದೆ ಹೇಳುತ್ತೇನೆ. ಈ ವಾರದ ಅಂಕಣವನ್ನು ಆ ತಂದೆಯ ಪ್ರಶ್ನೆಗಾಗಿಯೇ ಮೀಸಲಿಡುತ್ತಿದ್ದೇನೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಭಾಗದ ನಮ್ಮ ಕುಟುಂಬಗಳಲ್ಲಿ ಪದವಿ ಮುಗಿಸಿದ ಮಕ್ಕಳಿರುವ ಎಷ್ಟೋ ಮನೆಗಳಲ್ಲಿ ಇದೇ ಚರ್ಚೆ ನಡೆಯುತ್ತಿರುವುದನ್ನು ನಾನು ಬಲ್ಲೆ.

ಮಾತು ಯಾರಿಗೆ ಬರುವುದಿಲ್ಲ? ಪ್ರಶ್ನೆ ಸರಳವಾಗಿ ಕಂಡರೂ ಬಹಳ ಹಳೆಯದು. ಗುರುಮಠದಲ್ಲಿ ತತ್ವಶಾಸ್ತ್ರ ಓದುತ್ತಿದ್ದಾಗ ಪ್ಲೇಟೋನ 'ಗಾರ್ಜಿಯಸ್' ಎಂಬ ಸಂವಾದವನ್ನು ನಾವು ತಿಂಗಳುಗಟ್ಟಲೆ ಅಭ್ಯಾಸ ಮಾಡಿದ್ದೆವು. ಅಲ್ಲಿ ಸಾಕ್ರೆಟಿಸನು ಭಾಷಣಕಲೆಯನ್ನು ಅಡುಗೆಗೆ ಹೋಲಿಸುತ್ತಾನೆ. ವೈದ್ಯನು ಕಹಿಯಾದರೂ ಹಿತವಾದುದನ್ನು ಕೊಡುತ್ತಾನೆ, ಅಡುಗೆಯವನು ಹಿತವಲ್ಲದಿದ್ದರೂ ರುಚಿಯಾದುದನ್ನು ಬಡಿಸುತ್ತಾನೆ. ಮಕ್ಕಳ ಮುಂದೆ ಇಬ್ಬರೂ ಸ್ಪರ್ಧೆಗೆ ನಿಂತರೆ ವೈದ್ಯನು ಉಪವಾಸ ಸಾಯಬೇಕಾದೀತು ಎಂಬುದು ಅವನ ತರ್ಕ. ಇಂದಿನ ಸುದ್ದಿವಾಹಿನಿಗಳ ಸಂಜೆಯ ಚರ್ಚೆಗಳನ್ನು ಕೇಳುವಾಗಲೆಲ್ಲ ನನಗೆ ಈ ಅಡುಗೆಯವನ ನೆನಪಾಗುತ್ತದೆ. ಆದರೆ ಪ್ಲೇಟೋನ ಶಿಷ್ಯ ಅರಿಸ್ಟಾಟಲನು ಗುರುವಿನ ಮಾತನ್ನು ಅಲ್ಲಿಗೇ ಬಿಡಲಿಲ್ಲ. ಮಾತಿನಿಂದ ಜನರನ್ನು ಮೋಸಗೊಳಿಸಬಹುದಾದರೆ, ಸತ್ಯವನ್ನು ಹೇಳುವವನೂ ಆ ವಿದ್ಯೆಯನ್ನು ಕಲಿಯಬೇಕಾದುದು ಅಗತ್ಯವೆಂದು ಬಗೆದು, ಅದರ ಬಗ್ಗೆ ಒಂದು ಗ್ರಂಥವನ್ನೇ ರಚಿಸಿದನು. ಹೇಳುವವನ ಶೀಲ, ಕೇಳುವವನ ಮನಸ್ಥಿತಿ, ಹೇಳಿದ ವಿಷಯದ ತರ್ಕ ಎಂಬ ಅವನ ಮೂರು ವಿಭಾಗಗಳನ್ನು ಇಂದಿಗೂ ಸಂವಹನದ ತರಗತಿಗಳಲ್ಲಿ ಪಾಠ ಹೇಳುತ್ತಾರೆ. ಸಂತ ಅಗಸ್ಟಿನರು ಮಿಲಾನ್ ನಗರದಲ್ಲಿ ಇದೇ ಭಾಷಣಶಾಸ್ತ್ರದ ಅಧ್ಯಾಪಕರಾಗಿದ್ದವರು. 386ರಲ್ಲಿ ಆ ಹುದ್ದೆಯನ್ನು ತೊರೆದರೂ ವಿದ್ಯೆಯನ್ನು ತೊರೆಯಲಿಲ್ಲ. ವೃದ್ಧಾಪ್ಯದಲ್ಲಿ, ಸತ್ಯದ ಪಕ್ಷದವರು ಮಾತ್ರ ಏಕೆ ನಿರಾಯುಧರಾಗಿರಬೇಕು ಎಂಬರ್ಥದ ಪ್ರಶ್ನೆಯನ್ನು ಬೋಧಕರ ಮುಂದೆ ಇಟ್ಟರು.

ಹೀಗೆ ಮಾತನ್ನು ಶಾಸ್ತ್ರವಾಗಿ ಕಲಿಯುವುದು ನಿನ್ನೆ ಮೊನ್ನೆಯ ಫ್ಯಾಶನ್ನಲ್ಲ. ಹೊಸದಾಗಿರುವುದು ಅದು ವಿಶ್ವವಿದ್ಯಾಲಯದ ಪದವಿಯಾಗಿರುವುದು ಮಾತ್ರ. ಅಮೆರಿಕದ ಮಿಸೌರಿ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮದ ಶಾಲೆ ಆರಂಭವಾದದ್ದು 1908ರಲ್ಲಿ. 1914ರಲ್ಲಿ ಅಲ್ಲಿನ ಭಾಷಣಕಲೆಯ ಅಧ್ಯಾಪಕರು, 'ನಾವು ಇಂಗ್ಲಿಷ್ ಸಾಹಿತ್ಯದ ಬಾಲವಾಗಿರಲಾರೆವು' ಎಂಬ ನಿಲುವಿನಿಂದ ಇಂಗ್ಲಿಷ್ ಅಧ್ಯಾಪಕರ ಸಂಘದಿಂದ ಹೊರಬಂದು ತಮ್ಮದೇ ಸಂಘ ಕಟ್ಟಿಕೊಂಡರು. ಮಾತು ಮತ್ತು ಸಮೂಹ ಸಂವಹನವನ್ನು ಒಂದೇ ವಿಭಾಗದಲ್ಲಿ ಕಲಿಸುವ ಪದ್ಧತಿ ಅಲ್ಲಿ ಬೇರೂರಿದ್ದು ಹೀಗೆ. ನಮ್ಮಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ 1951ರಲ್ಲಿ ನಾಡಿಗ ಕೃಷ್ಣಮೂರ್ತಿಯವರು ಪತ್ರಿಕೋದ್ಯಮದ ಪಾಠಕ್ಕೆ ಅಡಿಪಾಯ ಹಾಕಿದರು. ಕನ್ನಡದ ಮೊದಲ ಪತ್ರಿಕೆಯಾದ 'ಮಂಗಳೂರ ಸಮಾಚಾರ'ವನ್ನು ಬಾಸೆಲ್ ಮಿಶನ್ನಿನ ಹರ್ಮನ್ ಮೊಗ್ಲಿಂಗ್ ಹೊರತಂದದ್ದು 1843ರಲ್ಲಿ. ಅಂದರೆ ಪತ್ರಿಕೆ ಹುಟ್ಟಿ ನೂರು ವರ್ಷಗಳ ಮೇಲೆ ಅದನ್ನು ಕಲಿಸುವ ತರಗತಿ ಹುಟ್ಟಿತು.

ಉತ್ತರ ಕರ್ನಾಟಕದವರಿಗೆ ಇದೆಲ್ಲ ದೂರದ ಮಾತೆಂದು ಯಾರೂ ತಿಳಿಯಬೇಕಾಗಿಲ್ಲ. ಹಾವೇರಿ ಸೀಮೆಯ ಪಾಟೀಲ ಪುಟ್ಟಪ್ಪನವರು ಬೆಳಗಾವಿಯಲ್ಲಿ ಕಾನೂನು ಓದಿ, 1949ರಲ್ಲಿ ಕ್ಯಾಲಿಫೋರ್ನಿಯಾಕ್ಕೆ ಹೋಗಿ ಪತ್ರಿಕೋದ್ಯಮದ ಸ್ನಾತಕೋತ್ತರ ಶಿಕ್ಷಣ ಪಡೆದರು. ಆ ಕಾಲದಲ್ಲಿ ವಕೀಲಿ ವೃತ್ತಿಯನ್ನು ಬದಿಗಿಟ್ಟು ಸುದ್ದಿ ಬರೆಯುವುದನ್ನು ಕಲಿಯಲು ಸಮುದ್ರ ದಾಟಿದ ಮಗನ ಬಗ್ಗೆ ಊರವರು ಏನೆಂದಿರಬಹುದೆಂಬುದನ್ನು ಊಹಿಸುವುದು ಕಷ್ಟವಲ್ಲ. ಮರಳಿ ಬಂದು 'ಪ್ರಪಂಚ' ವಾರಪತ್ರಿಕೆಯನ್ನು ನಡೆಸಿದರು, ರಾಜ್ಯಸಭೆಗೆ ಹೋದರು, ನೂರು ವರ್ಷ ದಾಟಿ ಬಾಳಿ 2020ರ ಮಾರ್ಚ್ ತಿಂಗಳಲ್ಲಿ ತೀರಿಕೊಂಡರು. ಇಂದು ಅದೇ ವಿದ್ಯೆಯನ್ನು ಕಲಿಯಲು ಕಿತ್ತೂರಿನ ಹುಡುಗಿ ಸಮುದ್ರ ದಾಟಬೇಕಾಗಿಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಅಲ್ಲಿಂದ ಬಸ್ಸಿನಲ್ಲಿ ಒಂದು ಗಂಟೆಯ ದಾರಿ.

ಇನ್ನು, ಈ ನಾಲ್ಕು ತಾಲ್ಲೂಕುಗಳ ನೆಲಕ್ಕೆ ಸಮೂಹ ಸಂವಹನವೆಂಬುದು ಹೊರಗಿನಿಂದ ಬಂದ ವಸ್ತುವೇ ಎಂದು ಕೇಳಿದರೆ, ನಾನು ಅಲ್ಲವೆನ್ನುತ್ತೇನೆ. 1824ರಲ್ಲಿ ಕಿತ್ತೂರಿನಲ್ಲಿ ಥ್ಯಾಕರೆ ಬಿದ್ದ ಸುದ್ದಿಯನ್ನೂ, 1831ರಲ್ಲಿ ನಂದಗಡದಲ್ಲಿ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ ಸುದ್ದಿಯನ್ನೂ ಹಳ್ಳಿಹಳ್ಳಿಗೆ ಮುಟ್ಟಿಸಿದವರು ಲಾವಣಿಕಾರರು, ಗೀಗೀ ಮೇಳದವರು. ಆಗ ಈ ಭಾಗದಲ್ಲಿ ಕನ್ನಡ ಪತ್ರಿಕೆ ಎಂಬುದೇ ಇರಲಿಲ್ಲ. ಬ್ರಿಟಿಷ್ ಅಧಿಕಾರಿಯಾಗಿದ್ದ ಜೆ.ಎಫ್. ಫ್ಲೀಟ್ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಕನ್ನಡ ಲಾವಣಿಗಳನ್ನು ಸಂಗ್ರಹಿಸಿ ಅಚ್ಚು ಮಾಡಿಸಿದಾಗ, ಅವುಗಳಲ್ಲಿ ರಾಯಣ್ಣನ ದಂಗೆಯದೂ ಇತ್ತು, ಸರಕಾರ ಹೇರಿದ ಆದಾಯ ತೆರಿಗೆಯದೂ ಇತ್ತು. ಆದಾಯ ತೆರಿಗೆಯ ಮೇಲೆ ಹಾಡು ಕಟ್ಟಿ ಜನರಿಗೆ ತಿಳಿಸಬಲ್ಲ ಪ್ರತಿಭೆ ನಮ್ಮ ಹಳ್ಳಿಗಳಲ್ಲಿತ್ತೆಂಬುದನ್ನು ನೆನೆದರೆ ನನಗೆ ಈಗಲೂ ಬೆರಗಾಗುತ್ತದೆ. ಇಂದಿನ ಬಜೆಟ್ಟನ್ನು ಹಾಗೆ ತಿಳಿಸಬಲ್ಲವರು ಯಾರಿದ್ದಾರೆ?

ಬೈಲಹೊಂಗಲದ ಸೀಮೆಯಲ್ಲಿ ನಡೆದದ್ದೆಂದು ಜನ ಹೇಳುವ 'ಸಂಗ್ಯಾ ಬಾಳ್ಯಾ' ಸಣ್ಣಾಟವೂ ಅಂಥದೇ. ಒಂದು ಅನೈತಿಕ ಸಂಬಂಧ, ಒಬ್ಬ ಗೆಳೆಯನ ದ್ರೋಹ, ಒಂದು ಕೊಲೆ. ಇಂದಾಗಿದ್ದರೆ ಅಪರಾಧ ವಾರ್ತೆಗಳ ಕಾರ್ಯಕ್ರಮವೊಂದರಲ್ಲಿ ಅರ್ಧ ಗಂಟೆ ಕಿರುಚಾಡಿ ಮುಗಿಸುತ್ತಿದ್ದ ಪ್ರಸಂಗ. ಸಣ್ಣಾಟದವರು ಅದನ್ನು ರಾತ್ರಿಯಿಡೀ ಆಡಿದರು, ಜನರು ಅತ್ತರು, ಪೀಳಿಗೆಗಳ ಮೇಲೆ ಪೀಳಿಗೆಗಳು ನೋಡಿದವು. ಆದರೆ ಆ ಮನೆತನದ ಹೆಣ್ಣುಮಕ್ಕಳು ಆ ಆಟ ಊರಿಗೆ ಬಂದಾಗ ಎಲ್ಲಿ ಮುಖ ಮುಚ್ಚಿಕೊಂಡರು ಎಂಬ ಪ್ರಶ್ನೆಯನ್ನು ಆಟ ಕೇಳುವುದಿಲ್ಲ. ಕಲೆಯಾಗಿ ಅದನ್ನು ಮೆಚ್ಚುವ ನಾನು ಈ ಪ್ರಶ್ನೆಯಿಂದ ಬಿಡಿಸಿಕೊಳ್ಳಲಾರೆ. ಇನ್ನೊಬ್ಬರ ಮನೆಯ ದುಃಖವನ್ನು ಸಾವಿರ ಜನರ ಮುಂದೆ ಹೇಳುವ ಅಧಿಕಾರ ನಮಗೆ ಎಲ್ಲಿಂದ ಬಂತು, ಎಲ್ಲಿಯವರೆಗೆ ಇದೆ ಎಂಬುದನ್ನು ಒಂದು ಸೆಮಿಸ್ಟರಿನಲ್ಲಿಯಾದರೂ ಕೂತು ಯೋಚಿಸಿದವರ ಕೈಯಲ್ಲಿ ಕ್ಯಾಮರಾ ಇರುವುದು ಲೇಸು.

ಸವದತ್ತಿಯವರಿಗೆ ಇದು ಚೆನ್ನಾಗಿ ಗೊತ್ತು. ಭಾರತ ಹುಣ್ಣಿಮೆಯ ಜಾತ್ರೆಗೆ ಎಲ್ಲಮ್ಮನ ಗುಡ್ಡಕ್ಕೆ ಲಕ್ಷಾಂತರ ಜನ ಬರುತ್ತಾರೆ, ಅವರ ಹಿಂದೆ ಕ್ಯಾಮರಾಗಳೂ ಬರುತ್ತವೆ. ದೇವದಾಸಿ ಪದ್ಧತಿಯನ್ನು ನಿಷೇಧಿಸುವ ಶಾಸನವನ್ನು ಕರ್ನಾಟಕವು 1982ರಲ್ಲಿ ರೂಪಿಸಿತು. ಅದರ ಹಿಂದೆ ಪತ್ರಿಕೆಗಳ ಬರಹದ ಪಾಲು ಇಲ್ಲವೆನ್ನಲಾಗದು. ಆದರೆ ದೂರದೂರದಿಂದ ಬಂದು, ಬಡ ಹೆಂಗಸೊಬ್ಬಳ ಮುಖವನ್ನು ಹೇಳದೆ ಕೇಳದೆ ಸೆರೆಹಿಡಿದು, ಅವಳ ಹೆಸರನ್ನೂ ಊರನ್ನೂ ಜಗತ್ತಿಗೆ ಸಾರಿ ಹೋದವರೂ ಉಂಟು. ಅವಳ ಮಗಳು ಶಾಲೆಗೆ ಹೋಗಬೇಕಾದದ್ದು ಮರುದಿನ, ಅದೇ ಊರಿನಲ್ಲಿ. ಅದೇ ನೆಲದಲ್ಲಿ ಹುಟ್ಟಿ, ಅದೇ ಮಾತನ್ನಾಡಿ, ಕಾನೂನನ್ನೂ ಮರ್ಯಾದೆಯನ್ನೂ ಕಲಿತ ಒಬ್ಬ ಹುಡುಗಿ ಬರೆದಿದ್ದರೆ ಅದೇ ಸತ್ಯವನ್ನು ಆ ತಾಯಿಯ ಮುಖ ಸುಡದ ಹಾಗೆ ಬರೆಯುತ್ತಿದ್ದಳು ಎಂಬುದು ನನ್ನ ನಂಬಿಕೆ.

ರಾಮದುರ್ಗದ ಹಿರಿಯರು 1939ರ ಏಪ್ರಿಲ್ ತಿಂಗಳ ದುರಂತವನ್ನು ತಮ್ಮ ತಂದೆತಾಯಿಗಳ ಬಾಯಿಂದ ಕೇಳಿರುತ್ತಾರೆ. ಸಂಸ್ಥಾನದ ಪ್ರಜೆಗಳ ಚಳವಳಿಯು ಹಿಂಸೆಗೆ ತಿರುಗಿ ಪೊಲೀಸರು ಪ್ರಾಣ ಕಳೆದುಕೊಂಡರು, ಗಾಂಧೀಜಿ 'ಹರಿಜನ' ಪತ್ರಿಕೆಯಲ್ಲಿ ಅದರ ಬಗ್ಗೆ ನೊಂದು ಬರೆದರು. ಉದ್ರಿಕ್ತ ಗುಂಪಿನ ಕಿವಿಗೆ ಬೀಳುವ ಒಂದು ವಾಕ್ಯ ಏನು ಮಾಡಬಲ್ಲದೆಂಬುದನ್ನು ಅರಿಯಲು ಅಷ್ಟು ಹಿಂದಕ್ಕೆ ಹೋಗಬೇಕಾಗಿಯೂ ಇಲ್ಲ. 2018ರ ಜುಲೈ ತಿಂಗಳಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆಂಬ ವಾಟ್ಸ್ಯಾಪ್ ಸುದ್ದಿಯನ್ನು ನಂಬಿದ ಜನರು ಹೈದರಾಬಾದಿನ ತರುಣ ಇಂಜಿನಿಯರನೊಬ್ಬನನ್ನು ಹೊಡೆದು ಕೊಂದರು. ಮಕ್ಕಳಿಗೆ ಚಾಕಲೇಟು ಕೊಟ್ಟದ್ದೇ ಆ ಪ್ರವಾಸಿಗಳ ಮೇಲೆ ಸಂಶಯ ಬರಲು ಕಾರಣವಾಯಿತು. ಅದೇ ವರ್ಷದ ಜನವರಿಯಲ್ಲಿ ಪೋಪ್ ಫ್ರಾನ್ಸಿಸರು ಸುಳ್ಳುಸುದ್ದಿಯ ಕುರಿತಾಗಿಯೇ ಸಂದೇಶ ನೀಡಿ, ಅದರ ಮೂಲವನ್ನು ಏದೆನ್ ತೋಟದ ಸರ್ಪದಲ್ಲಿ ಗುರುತಿಸಿದ್ದರು. ಅರ್ಧ ಸತ್ಯವನ್ನು ಹಿತೈಷಿಯ ದನಿಯಲ್ಲಿ ಹೇಳುವುದು ಅಂದಿನಿಂದ ಇಂದಿನವರೆಗೂ ಅದರ ಲಕ್ಷಣ.

ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. 2019ರ ಆಗಸ್ಟ್ ತಿಂಗಳಲ್ಲಿ ಮಲಪ್ರಭೆ ಉಕ್ಕಿ ಸವದತ್ತಿ ಮತ್ತು ರಾಮದುರ್ಗ ತಾಲ್ಲೂಕುಗಳ ಹಳ್ಳಿಗಳಿಗೆ ನುಗ್ಗಿದಾಗ, ನಮ್ಮ ಕೆಲವು ಕುಟುಂಬಗಳಿದ್ದ ಹಳ್ಳಿಯೊಂದಕ್ಕೆ ನಾವು ಅಕ್ಕಿ, ಹೊದಿಕೆ ಹೊತ್ತು ಹೋಗಿದ್ದೆವು. ನವಿಲುತೀರ್ಥ ಅಣೆಕಟ್ಟಿನಿಂದ ಇಂತಿಷ್ಟು ಸಾವಿರ ಕ್ಯೂಸೆಕ್ ನೀರನ್ನು ಬಿಡಲಾಗುತ್ತಿದೆ ಎಂದು ಅಧಿಕಾರಿಗಳು ಪ್ರಕಟಿಸುತ್ತಲೇ ಇದ್ದರು. ಅಂಕಿ ಸರಿಯಾಗಿತ್ತು, ಪ್ರಕಟಣೆಯೂ ಸಕಾಲದಲ್ಲಿಯೇ ಬಂದಿತ್ತು. ಆದರೆ ಕ್ಯೂಸೆಕ್ ಎಂದರೇನು? ಆ ಹಳ್ಳಿಯ ಅಜ್ಜಿಗೆ ತಿಳಿಯಬೇಕಾದುದು ನೀರು ಹನುಮಪ್ಪನ ಗುಡಿಯ ಎಷ್ಟನೆಯ ಮೆಟ್ಟಿಲಿಗೆ ಬರುತ್ತದೆ, ತನ್ನ ಎಮ್ಮೆಯನ್ನು ಸಂಜೆಯೊಳಗೆ ಬಿಚ್ಚಬೇಕೋ ಬೆಳಗಿನವರೆಗೆ ಇರಬಹುದೋ ಎಂಬುದು. ಆ ಉತ್ತರ ಯಾವ ಪ್ರಕಟಣೆಯಲ್ಲಿಯೂ ಇರಲಿಲ್ಲ. ಅರ್ಥವಾಗದ ಸರಿಯಾದ ಸುದ್ದಿಗೂ ಅರ್ಥವಾಗುವ ಸುಳ್ಳುಸುದ್ದಿಗೂ ಪೈಪೋಟಿ ನಡೆದಾಗ ಗೆಲ್ಲುವುದು ಯಾವುದೆಂಬುದನ್ನು ಹೇಳಬೇಕಾಗಿಲ್ಲ. ಅಣೆಕಟ್ಟೇ ಒಡೆಯಿತಂತೆ ಎಂಬ ಗಾಳಿಮಾತು ರಾತ್ರಿ ಫೋನುಗಳಲ್ಲಿ ಬಂದು, ಜನರು ಕತ್ತಲಲ್ಲಿ ಮಕ್ಕಳನ್ನು ಹೊತ್ತು ಓಡಿದ್ದರು. ಎಮ್ಮೆಗಳು ಕಟ್ಟಿದಲ್ಲಿಯೇ ಉಳಿದವು.

ಕ್ಯೂಸೆಕ್ಕನ್ನು ಗುಡಿಯ ಮೆಟ್ಟಿಲಿಗೆ ತರ್ಜುಮೆ ಮಾಡುವುದು ಒಂದು ವಿದ್ಯೆ. ಅದಕ್ಕೆ ಇಂಜಿನಿಯರನ ಬಳಿ ಕೂತು ಕೇಳುವ ತಾಳ್ಮೆ ಬೇಕು, ಹಳ್ಳಿಯ ನಕ್ಷೆ ತಲೆಯಲ್ಲಿರಬೇಕು, ಭಯ ಹುಟ್ಟಿಸದೆ ಎಚ್ಚರಿಸುವ ಭಾಷೆ ಬೇಕು. ಸಮೂಹ ಸಂವಹನ ಎಂಬ ಭಾರವಾದ ಹೆಸರಿನ ಒಳಗಿರುವ ತಿರುಳು ಇದೇ. ಯಾರು, ಏನನ್ನು, ಯಾವ ಮಾರ್ಗದಿಂದ, ಯಾರಿಗೆ, ಯಾವ ಪರಿಣಾಮವಾಗುವಂತೆ ಹೇಳಿದರು ಎಂದು 1948ರಲ್ಲಿ ಅಮೆರಿಕದ ವಿದ್ವಾಂಸ ಲ್ಯಾಸ್ವೆಲ್ ಕೇಳಿದ ಐದು ಪ್ರಶ್ನೆಗಳನ್ನು ಈ ವಿಷಯದ ವಿದ್ಯಾರ್ಥಿಗಳು ಮೊದಲ ತಿಂಗಳಲ್ಲಿಯೇ ಬಾಯಿಪಾಠ ಮಾಡುತ್ತಾರೆ. ಬಾಯಿಪಾಠ ಮಾಡಿದವರೆಲ್ಲ ಅಜ್ಜಿಯ ಎಮ್ಮೆಯನ್ನು ಉಳಿಸುತ್ತಾರೆಂದು ನಾನು ಹೇಳಲಾರೆ. ಆದರೆ ಪ್ರಶ್ನೆ ಗೊತ್ತಿರುವವರು ಉತ್ತರ ಹುಡುಕಿಯಾರು.

ಈಗ ನನ್ನ ತಪ್ಪಿನ ಕಥೆ. ಹಲವು ವರ್ಷಗಳ ಹಿಂದೆ, ಬೇರೊಂದು ಧರ್ಮಕೇಂದ್ರದಲ್ಲಿದ್ದಾಗ, ಬಡ ಕುಟುಂಬದ ತರುಣನೊಬ್ಬ ಇದೇ ಆಸೆ ಹೊತ್ತು ನನ್ನ ಬಳಿ ಬಂದಿದ್ದನು. "ಹೊಟ್ಟೆ ತುಂಬುವ ವಿದ್ಯೆ ಕಲಿ ಮಗಾ, ಪತ್ರಿಕೆ ಓದುವವರೇ ಕಡಿಮೆಯಾಗಿದ್ದಾರೆ" ಎಂದು ನಾನು ದೊಡ್ಡ ತಿಳಿವಳಿಕಸ್ಥನಂತೆ ಹೇಳಿ ಕಳಿಸಿದೆ. ಅವನು ನನ್ನ ಮಾತನ್ನು ಪಾಲಿಸಿದನು. ಅದಾಗಿ ಕೆಲವೇ ವರ್ಷಗಳಲ್ಲಿ ನಮ್ಮ ಕುಟುಂಬವೊಂದು ತೀರಿಹೋದ ಹಿರಿಯರ ವರ್ಷಾಂತಿಕದ ಪ್ರಾರ್ಥನೆಗೆ ಬಂಧುಗಳನ್ನು ಕರೆದಾಗ, ಪತ್ರಿಕೆಯೊಂದರಲ್ಲಿ ಅದು ಮತಾಂತರದ ಸಭೆಯೆಂದು ಅಚ್ಚಾಯಿತು. ಊರಿನಲ್ಲಿ ಹತ್ತಾರು ವರ್ಷ ಅಣ್ಣತಮ್ಮಂದಿರಂತೆ ಬಾಳಿದ ಓಣಿಯವರು ಒಂದು ವಾರ ಆ ಮನೆಯವರೊಂದಿಗೆ ಮಾತು ಬಿಟ್ಟರು. ನಾವು ಏನು ಮಾಡಿದೆವು? ಸಿಟ್ಟಿನಿಂದ ಕೂಗಾಡಿದೆವು, ಐದು ಪುಟಗಳ ಉದ್ದದ ಪತ್ರ ಬರೆದೆವು, ಅದರಲ್ಲಿ ಧರ್ಮೋಪದೇಶ ಮಾಡಿದೆವು. ಅದು ಪ್ರಕಟವಾಗಲಿಲ್ಲ. ಪ್ರಕಟವಾಗುವ ಯೋಗ್ಯತೆಯೂ ಅದಕ್ಕಿರಲಿಲ್ಲ ಎಂಬುದು ಇಂದು ನನಗೆ ತಿಳಿಯುತ್ತದೆ.

ಆಗ ನಮ್ಮಲ್ಲಿ ಬಲ್ಲವರೊಬ್ಬರಿದ್ದಿದ್ದರೆ, ಮೊದಲು ಸಂಪಾದಕರಿಗೆ ತಪ್ಪನ್ನು ಖಚಿತವಾಗಿ ತೋರಿಸಿ, ಸ್ಪಷ್ಟೀಕರಣವನ್ನು ಹತ್ತು ಸಾಲುಗಳಲ್ಲಿ ಬರೆಯಬೇಕೆಂದು ಹೇಳುತ್ತಿದ್ದರು. ಅದರಿಂದಲೂ ಆಗದಿದ್ದರೆ ಭಾರತೀಯ ಪತ್ರಿಕಾ ಮಂಡಳಿ ಎಂಬುದೊಂದಿದೆ, 1978ರ ಕಾಯಿದೆಯಂತೆ ಅದಕ್ಕೆ ದೂರು ಕೊಡಬಹುದು, ದಿನಪತ್ರಿಕೆಯ ವಿಷಯದಲ್ಲಿ ಪ್ರಕಟವಾದ ಎರಡು ತಿಂಗಳೊಳಗೆ ದೂರು ಸಲ್ಲಿಸಬೇಕು, ದೂರಿಗೆ ಮುಂಚೆ ಸಂಪಾದಕರಿಗೆ ಬರೆದಿರಲೇಬೇಕು ಎಂಬುದನ್ನು ತಿಳಿಸುತ್ತಿದ್ದರು. ತತ್ವಶಾಸ್ತ್ರದ ಪದವಿ ಪಡೆದ ನನಗೆ ಇದರಲ್ಲಿ ಒಂದೂ ಗೊತ್ತಿರಲಿಲ್ಲ. ನಾನು ಹಿಂದಕ್ಕೆ ಕಳಿಸಿದ ಆ ತರುಣನಿಗೆ ಎರಡು ವರ್ಷಗಳ ಓದಿನಲ್ಲಿ ಇವೆಲ್ಲ ಗೊತ್ತಾಗುತ್ತಿದ್ದವು. ಎರಡು ತಿಂಗಳು ಕಳೆದ ಮೇಲೆ ಯಾರೋ ವಕೀಲರು ಹೇಳಿ ನಮಗೆ ತಿಳಿಯಿತು.

ನಮ್ಮವರಿಗಾಗಿ ನಮ್ಮವರೇ ಬರೆಯುವ ಒಂದು ದಳ ಬೇಕೆಂದು ಇದರಿಂದ ಯಾರೂ ಅರ್ಥ ಮಾಡಿಕೊಳ್ಳಬಾರದು. ಅದು ವಕಾಲತ್ತಾದೀತು, ಪತ್ರಿಕೋದ್ಯಮವಾಗದು. ನಮ್ಮ ಹುಡುಗಿ ನಾಳೆ ಪತ್ರಕರ್ತೆಯಾಗಿ ನಮ್ಮದೇ ಸಂಸ್ಥೆಯ ಲೆಕ್ಕಪತ್ರದಲ್ಲಿ ಲೋಪ ಕಂಡರೆ ಅದನ್ನೂ ಬರೆಯಬೇಕು. ಹಾಗೆ ಬರೆದ ದಿನ ನಾವು ಅವಳ ತಂದೆಗೆ ಮುಖ ತಿರುಗಿಸುವವರಾದರೆ ಅವಳನ್ನು ಇಂದೇ ಬಿ.ಇಡಿ.ಗೆ ಕಳಿಸುವುದು ವಾಸಿ.

ದ್ವಿತೀಯ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರ್ 4ರಂದು ಹೊರಡಿಸಿದ ಸಮಾಜ ಸಂಪರ್ಕ ಸಾಧನಗಳ ಕುರಿತ ದಾಖಲೆಯಲ್ಲಿ, ಪತ್ರಕರ್ತರು, ಬಾನುಲಿ ಮತ್ತು ಚಲನಚಿತ್ರ ಲೇಖಕರು ತರಬೇತಿ ಪಡೆಯಲು ಶಾಲೆಗಳನ್ನೂ ವಿಭಾಗಗಳನ್ನೂ ಹೆಚ್ಚಾಗಿ ತೆರೆಯಬೇಕೆಂದು ಹೇಳಲಾಗಿದೆ. ಅರವತ್ತು ವರ್ಷಗಳು ಕಳೆದಿವೆ. ಮಂಗಳೂರು, ಬೆಂಗಳೂರುಗಳಲ್ಲಿ ನಮ್ಮ ಕಾಲೇಜುಗಳು ಈ ವಿಷಯವನ್ನು ಕಲಿಸುತ್ತಿವೆ. ನಮ್ಮ ಮಲಪ್ರಭೆಯ ದಂಡೆಯ ಮಕ್ಕಳಿಗೆ ಅಲ್ಲಿನ ಶುಲ್ಕವೂ ದೂರ, ಅಲ್ಲಿನ ಇಂಗ್ಲಿಷೂ ದೂರ. ಸಂತೋಷದ ಸಂಗತಿಯೆಂದರೆ ಧಾರವಾಡ ಹತ್ತಿರ. 1950ರಲ್ಲಿ ಆರಂಭವಾದ ಆಕಾಶವಾಣಿ ಕೇಂದ್ರ ಅಲ್ಲಿದೆ, ಬೇಂದ್ರೆಯವರು ಕೆಲವು ವರ್ಷ ಅದರ ಸಲಹೆಗಾರರಾಗಿದ್ದರು. ಕೃಷಿ ವಿಶ್ವವಿದ್ಯಾಲಯದವರು 2007ರಲ್ಲಿ ಆರಂಭಿಸಿದ ಸಮುದಾಯ ಬಾನುಲಿ ಕೇಂದ್ರ ಅಲ್ಲಿದೆ. ಕಲಿಯುವ ವಿದ್ಯಾರ್ಥಿಗೆ ತರಗತಿಯ ಹೊರಗೂ ಪಾಠಶಾಲೆಯುಂಟು.

ಹಾಗೆಂದು ಪೋಷಕರ ಅಂಜಿಕೆಗಳನ್ನು ನಾನು ಹಗುರವಾಗಿ ಕಾಣುವುದಿಲ್ಲ. ತಾಲ್ಲೂಕು ಮಟ್ಟದ ವರದಿಗಾರರಿಗೆ ಸಿಗುವ ಸಂಭಾವನೆಯನ್ನು ಕೇಳಿದರೆ ನಾಚಿಕೆಯಾಗುತ್ತದೆ, ಎಷ್ಟೋ ಕಡೆ ಸುದ್ದಿಗಿಂತ ಜಾಹೀರಾತು ತರುವುದೇ ಅವರ ಮುಖ್ಯ ಕೆಲಸವಾಗಿದೆ. ಗೌರಿ ಲಂಕೇಶರನ್ನು 2017ರ ಸೆಪ್ಟೆಂಬರಿನಲ್ಲಿ ಅವರ ಮನೆಬಾಗಿಲಲ್ಲೇ ಗುಂಡಿಟ್ಟು ಕೊಂದದ್ದನ್ನು ಯಾವ ತಾಯಿಯೂ ಮರೆತಿಲ್ಲ. 2023ರಲ್ಲಿ ಕನ್ನಡದ ಸುದ್ದಿವಾಹಿನಿಯೊಂದು ಕೃತಕ ಬುದ್ಧಿಮತ್ತೆಯಿಂದ ತಯಾರಾದ ನಿರೂಪಕಿಯನ್ನು ತೆರೆಯ ಮೇಲೆ ತಂದಿತು. ಯಂತ್ರವೇ ಓದುವುದಾದರೆ ನಮ್ಮ ಮಗಳಿಗೇನು ಕೆಲಸ ಎಂದು ಕೇಳುವುದರಲ್ಲಿ ತಪ್ಪಿಲ್ಲ. ಓದುವ ಕೆಲಸ ಯಂತ್ರಕ್ಕೆ ಹೋದೀತು. ಪ್ರವಾಹದ ಹಳ್ಳಿಗೆ ಹೋಗಿ ಅಜ್ಜಿಯ ಪಕ್ಕದಲ್ಲಿ ಕೂರುವ ಕೆಲಸ ಅದಕ್ಕೆ ಹೋಗದು. ಇದಲ್ಲದೆ ಈ ಪದವಿಯಿಂದ ಪತ್ರಿಕಾ ಕಚೇರಿಗೆ ಮಾತ್ರ ಹೋಗಬೇಕೆಂಬ ನಿಯಮವಿಲ್ಲ. ನೆಟ್ ಪರೀಕ್ಷೆಯಲ್ಲಿ ಇದೊಂದು ವಿಷಯವಾಗಿದೆ, ಪಾಸಾದವರು ಪದವಿ ಕಾಲೇಜುಗಳಲ್ಲಿ ಪಾಠ ಹೇಳಬಹುದು. ಆಸ್ಪತ್ರೆಗಳಿಗೆ, ಸೇವಾ ಸಂಸ್ಥೆಗಳಿಗೆ, ಸರಕಾರದ ವಾರ್ತಾ ಇಲಾಖೆಗೆ ಇಂಥವರು ಬೇಕು. ಶಿಕ್ಷಕಿಯಾಗಲಿ ಎಂಬ ತಂದೆಯ ಆಸೆಯೂ ಬೇರೊಂದು ಬಾಗಿಲಿನಿಂದ ಈಡೇರಬಹುದು.

ಪಠ್ಯಕ್ರಮದ ಬಗ್ಗೆ ನನ್ನದೊಂದು ದೂರೂ ಇದೆ. ನಮ್ಮ ವಿಶ್ವವಿದ್ಯಾಲಯಗಳು ಪತ್ರಿಕೆಯನ್ನೂ ಟಿ.ವಿ.ಯನ್ನೂ ಕಲಿಸಿದಷ್ಟು ಶ್ರದ್ಧೆಯಿಂದ ಬಾಯಿಮಾತನ್ನು ಕಲಿಸುವುದಿಲ್ಲ. ಮಾತಿನ ಹೆಸರು ಹೊತ್ತ ದೊಡ್ಡ ಸಂಸ್ಥೆಯೊಂದು 1965ರಿಂದ ಮೈಸೂರಿನಲ್ಲಿದೆ, ಅದು ವಾಕ್ ಮತ್ತು ಶ್ರವಣ ದೋಷಗಳ ಚಿಕಿತ್ಸೆಗೆ. ದೋಷವಿಲ್ಲದ ನಾಲಿಗೆಗೂ ಶಿಕ್ಷಣ ಬೇಕೆಂಬುದು ನಮಗಿನ್ನೂ ಹೊಳೆದಂತಿಲ್ಲ. ವಾಲ್ಟರ್ ಆಂಗ್ ಎಂಬ ಯೇಸುಸಭೆಯ ಗುರುಗಳು 1982ರಲ್ಲಿ ಪ್ರಕಟಿಸಿದ ತಮ್ಮ ಪ್ರಸಿದ್ಧ ಗ್ರಂಥದಲ್ಲಿ, ಬಾನುಲಿ ದೂರದರ್ಶನಗಳು ಅಕ್ಷರಯುಗದ ಮನುಷ್ಯನನ್ನು ಮತ್ತೆ ಬಾಯಿಮಾತಿನ ಲೋಕಕ್ಕೆ ಹೊಸ ರೀತಿಯಲ್ಲಿ ಒಯ್ಯುತ್ತಿವೆ ಎಂದು ವಿವರಿಸಿದರು. ಇಂದು ನಮ್ಮ ಹಳ್ಳಿಗಳಲ್ಲಿ ಪತ್ರಿಕೆ ಓದದವರೂ ಫೋನಿನಲ್ಲಿ ದನಿಯ ಸಂದೇಶ ಕಳಿಸುತ್ತಾರೆ, ದನಿಯ ಸಂದೇಶವನ್ನೇ ನಂಬುತ್ತಾರೆ. ಲಾವಣಿಯ ನಾಡು ಹೀಗೆ ಮತ್ತೆ ಕಿವಿಯ ಕಡೆಗೆ ತಿರುಗಿದೆ. ದೇಶನೂರಿನಲ್ಲಿ ಕಾವಿಯುಟ್ಟು ಬಾಳಿದ ಯೇಸುಸಭೆಯ ಸ್ವಾಮಿಗಳು ಈ ಮಣ್ಣಿನ ಜನರಿಗೆ ಭಜನೆಯ ಧಾಟಿ ಬೇಕೆಂದು ನಮಗಿಂತ ಮೊದಲೇ ಕಂಡುಕೊಂಡಿದ್ದರು.

ಆ ಭಾನುವಾರ ನಾನು ಹುಡುಗಿಯನ್ನು ಒಂದೇ ಪ್ರಶ್ನೆ ಕೇಳಿದೆ. "ಏನವ್ವಾ, ಇವತ್ತಿನ ನನ್ನ ಪ್ರಬೋಧನೆ ಹೇಗಿತ್ತು?" ಅವಳು ತಂದೆಯ ಮುಖ ನೋಡಿದಳು, ನೆಲ ನೋಡಿದಳು. "ಮೊದಲ ಐದು ನಿಮಿಷ ಚಲೋ ಇತ್ರಿ ಫಾದರ್. ಆಮ್ಯಾಲೆ ನೀವು ಪುಸ್ತಕದ ಮಾತು ಶುರು ಮಾಡಿದ್ರಿ. ಹಿಂದಿನ ಸಾಲಿನ ಹೆಣ್ಮಕ್ಳು ಜ್ವಾಳದ ರೇಟು ಮಾತಾಡಾಕ ಹತ್ತಿದ್ರು" ಎಂದಳು. ತಂದೆ ಗಾಬರಿಯಿಂದ "ಏ, ಸುಮ್ನಿರ" ಎಂದು ಗದರಿದರು. ನಾನು ನಕ್ಕೆ, ಆದರೆ ಆ ಮಾತು ನನಗೆ ನಾಟಿತು. ಇಪ್ಪತ್ತೈದಕ್ಕೂ ಹೆಚ್ಚು ವರ್ಷಗಳಿಂದ ನಾನು ಈ ನಾಡಿನಲ್ಲಿ ಮಾತನಾಡುತ್ತಲೇ ಬಂದಿದ್ದೇನೆ. ಹೀಗೆಂದು ಯಾರೂ ನನಗೆ ಹೇಳಿರಲಿಲ್ಲ.

"ಅರ್ಜಿ ಹಾಕಲಿ ಬಿಡ್ರಿ" ಎಂದು ನಾನು ತಂದೆಗೆ ಹೇಳಿದೆ. ಅವರು ಬಹಳ ಹೊತ್ತು ಟವೆಲ್ಲನ್ನು ಕೈಯಲ್ಲಿ ಹಿಂಡುತ್ತ ಕೂತರು. ವಸತಿನಿಲಯ ಸಿಗದಿದ್ದರೆ ಹೇಗೆಂದು ಕೇಳಿದರು. ದಿನಾ ಹೋಗಿಬರಲು ಬಸ್ಸಿನ ಖರ್ಚೆಷ್ಟೆಂದು ತಾವೇ ಲೆಕ್ಕ ಹಾಕತೊಡಗಿದರು. 2023ರ ಜೂನ್ ತಿಂಗಳಿಂದ ಹೆಂಗಸರಿಗೆ ಸರಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೇಟಿಗೆ ಹಣವಿಲ್ಲವೆಂಬುದನ್ನು ಮಗಳೇ ನೆನಪಿಸಿದಳು. ಹೊರಡುವಾಗ ಬಾಗಿಲಲ್ಲಿ ನಿಂತು ಅವರು ಕೇಳಿದ್ದು ಇಷ್ಟು: "ಈಕಿ ಕಲ್ತ ಬಂದ ಮ್ಯಾಲೆ, ಹೊಳಿ ಬಂದಾಗ ನಮ್ಮೂರಿಗೆ ನೀರು ಎಲ್ಲೀಮಟ ಬರ್ತೈತಿ ಅನ್ನೂದು 
ಮೊದಲ ಹೇಳ್ತಾಳೇನ್ರಿ ಫಾದರ್?"